ಜೋರ್ಡಾನ್: ಡಿಸೆಂಬರಿನಲ್ಲಿ ಅಮ್ಮನೊಟ್ಟಿಗೆ 5 ರಾತ್ರಿ ಸಾಕಾ?

ಮುರಕಲ್ಲು (ಬದಿಯಡ್ಕ)
ಡಿಸೆಂಬರ್ ಎರಡನೇ ವಾರ, 5 ರಾತ್ರಿ. ಅಮ್ಮನಿಗೆ 66, ಮಂಡಿನೋವು ಉಂಟು, ಸಮತಟ್ಟಿನಲ್ಲಾದರೆ ಮೂರು ಕಿಲೋಮೀಟರ್ ನಡೀತಾರೆ. ಪಟ್ಟಿಯಲ್ಲಿರುವುದು ಮದಬಾ, ಮೋಶೆಯ ನೆಬೊ ಬೆಟ್ಟ, ಮೃತ ಸಮುದ್ರ, ವಾದಿ ಮುಜಿಬ್, ಪೆಟ್ರಾ, ವಾದಿ ರಮ್. ಜೋರ್ಡಾನ್ ಪಾಸ್ (ವೀಸಾ ಶುಲ್ಕ, ಪೆಟ್ರಾ ಟಿಕೆಟ್ ಒಟ್ಟಿಗೆ ಸೇರಿದ್ದು) ತೆಗೊಂಡ್ರೆ ಲಾಭ ಉಂಟಾ? ಯಾವುದನ್ನು ಬಿಡಬೇಕು?

ಕುಂಬಳೆಹೊಳೆ
ಪಾಸ್ ತೆಗೊಳ್ಳಿ. ವೀಸಾಕ್ಕೆ 40 ದಿನಾರ್, ಪೆಟ್ರಾಕ್ಕೆ ಒಂದು ದಿನಕ್ಕೆ 50, ಅಲ್ಲಿಗೇ 90 ಆಯ್ತು. ಪಾಸಿಗೆ 70, ಪೆಟ್ರಾ ಎರಡು ದಿನ ಬೇಕಾದ್ರೆ 75. ಆ ಐದು ದಿನಾರಿಗೆ ಜಿಪುಣತನ ಮಾಡ್ಬೇಡಿ, ಮಂಡಿನೋವಿನವರಿಗೆ ಎರಡನೇ ದಿನ ಬೇಕೇ ಬೇಕು. ಆದ್ರೆ ವೀಸಾ ಶುಲ್ಕ ಮನ್ನಾ ಆಗಬೇಕಾದ್ರೆ ಪಾಸನ್ನು ಊರಿನಿಂದ ಹೊರಡುವ ಮೊದಲೇ ಕೊಂಡಿರಬೇಕು, ಅಲ್ಲಿ ಕನಿಷ್ಠ 3 ರಾತ್ರಿ ನಿಲ್ಲಬೇಕು. ನೆಬೊ, ಮದಬಾದ ಚರ್ಚ್, ಮೃತ ಸಮುದ್ರದ ಬೀಚು ಇದರಲ್ಲಿ ಸೇರುವುದಿಲ್ಲ. ದರವನ್ನು ಕೊಳ್ಳುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಮುಜಿಬ್ ಹೊಡೆದುಹಾಕಿ. ನೀರಿನಲ್ಲಿ ನಡೆಯುವ ಆ ದಾರಿ ಏಪ್ರಿಲಿನಿಂದ ಅಕ್ಟೋಬರ್ ಕೊನೆವರೆಗೆ ಮಾತ್ರ; ಚಳಿಗಾಲದಲ್ಲಿ ನೆರೆ ಭಯಕ್ಕೆ ಮುಚ್ಚುತ್ತಾರೆ. ಬೈಬಲಿನ ಅರ್ನೋನ್ ಹೊಳೆ ಅದೇ. ಮದಬಾದಿಂದ ದಕ್ಷಿಣಕ್ಕೆ ಕೆರಾಕ್ ಊರಿನ ಕಡೆಗೆ ರಾಜಮಾರ್ಗದಲ್ಲಿ (ಕಿಂಗ್ಸ್ ಹೈವೇ ಎಂಬ ಹಳೆಯ ರಸ್ತೆ) ಹೋದರೆ ಕಣಿವೆ ಮೇಲಿನಿಂದ ಕಾಣ್ತದೆ, ಅಮ್ಮನಿಗೆ ಅದೇ ಚಂದ.

ಇನ್ನೊಂದು: ಮಂಗಳೂರಿನಿಂದ ಹೋಗಿ, ಕಣ್ಣೂರಿನಿಂದ ಹೋಗಿ, ಗಲ್ಫಿಗೊಂದು ಟಿಕೆಟ್, ಅಲ್ಲಿಂದ ಅಮ್ಮಾನಿಗೆ ಇನ್ನೊಂದು ಅಂತ ಬೇರೆಬೇರೆ ಮಾಡ್ಬೇಡಿ. ನಡುವೆ ಲಗೇಜು ಇಳಿಸಿಕೊಳ್ಳಬೇಕಾಗಿ ಬಂದ್ರೆ ಆ ದೇಶದ ವೀಸಾ ಕೇಳ್ತಾರೆ. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ.

ಸುರಂಗದ ನೀರು
ಪೆಟ್ರಾದ ಬಗ್ಗೆ. ಗೇಟಿನಿಂದ ಸಿಖ್ ಎಂಬ ಕಿರುಗಣಿವೆಯ ಬಾಯಿಗೆ ಸುಮಾರು 800 ಮೀಟರ್, ಒಳಗೆ 1.2 ಕಿಲೋಮೀಟರ್, ಆಮೇಲೆ ಖಜ್ನೆ, ಅಂದ್ರೆ ಬಂಡೆಯಲ್ಲಿ ಕೊರೆದ ಆ ಪ್ರಸಿದ್ಧ ಕಟ್ಟಡ. ಹೋಗುವಾಗ ಇಳಿಜಾರು, ಗೊತ್ತೇ ಆಗುವುದಿಲ್ಲ. ಬರುವಾಗ ಅಷ್ಟೂ ಏರು. ಹಾಗಾಗಿ ಬ್ಯಾಟರಿ ಗಾಡಿಗೆ ದುಡ್ಡು ಕೊಡುವುದಾದರೆ ವಾಪಸ್ಸಿಗೆ ಕೊಡಿ. ಟಿಕೆಟಿನಲ್ಲೇ ಕುದುರೆ ಸವಾರಿ ಸೇರಿದೆ ಅಂತಾರೆ, ನಿಜ. ಆದ್ರೆ ಅದು ಸಿಖ್‌ನ ಬಾಯಿವರೆಗೆ ಮಾತ್ರ, ಇಳಿಯುವಾಗ ಟಿಪ್ಸ್ ಕೇಳ್ತಾರೆ. ಗುಡ್ಡದ ಮೇಲೆ ಬಂಡೆಯಲ್ಲಿ ಕೊರೆದ ಅದ್-ದೈರ್‌ಗೆ 800ಕ್ಕಿಂತ ಹೆಚ್ಚು ಮೆಟ್ಟಿಲು. ಅಮ್ಮ ಬೇಡ, ನೀವೊಬ್ಬರೇ ಎರಡನೇ ದಿನ ಮಧ್ಯಾಹ್ನ ಹತ್ತಿ. ಮೆಟ್ಟಿಲು ಆಗ ನೆರಳಲ್ಲಿರ್ತದೆ, ಪಶ್ಚಿಮಕ್ಕೆ ಮುಖ ಮಾಡಿದ ಕಟ್ಟಡಕ್ಕೆ ಬಿಸಿಲು ಬಿದ್ದಿರ್ತದೆ. ಐದೂವರೆಗೆ ಸೂರ್ಯ ಮುಳುಗ್ತಾನೆ, ಅದಕ್ಕೆ ಮೊದಲೇ ಇಳಿದಿರಬೇಕು.

ನಮ್ಮ ಕಡೆಯವರು ಖಜ್ನೆಗೆ ಓಡುವ ಗಡಿಬಿಡಿಯಲ್ಲಿ ಸಿಖ್‌ನ ಗೋಡೆ ನೋಡುವುದಿಲ್ಲ. ಒಂದು ಬದಿ ಬಂಡೆಯಲ್ಲೇ ಕೊರೆದ ನೀರಿನ ಕಣಿ, ಇನ್ನೊಂದು ಬದಿ ಸುಟ್ಟ ಮಣ್ಣಿನ ಕೊಳವೆ ಕೂರಿಸಿದ ಕಣಿ. ನಮ್ಮೂರಲ್ಲಿ ಗುಡ್ಡಕ್ಕೆ ಕೊರೆದ ಸುರಂಗದ ನೀರನ್ನು ಅಡಿಕೆ ಮರದ ದಂಬೆಯಲ್ಲಿ (ಸೀಳಿ ತೋಡಿದ ಕಾಂಡ) ತೋಟಕ್ಕೆ ಹರಿಸಿದವರಿಗೆ ಅದರ ಓಟ ಕೂಡಲೇ ಅರ್ಥ ಆಗ್ತದೆ. ಸಿಖ್‌ನ ಬಾಯಲ್ಲಿ ಪೆಟ್ರಾ ಕಟ್ಟಿದ ನಬಾಟಿಯನರ ಅಣೆಕಟ್ಟು, ಪಕ್ಕದಲ್ಲಿ ಬಂಡೆ ಕೊರೆದ ಸುರಂಗವೂ ಉಂಟು. ಆದ್ರೆ ಇದು ನೀರು ತರಲಿಕ್ಕಲ್ಲ, ನೆರೆನೀರನ್ನು ಆಚೆ ತಿರುಗಿಸಲಿಕ್ಕೆ. 1963ರಲ್ಲಿ ಸಿಖ್‌ಗೆ ನೆರೆ ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಮೇಲಿನ ಗುಡ್ಡದಲ್ಲಿ ಮಳೆ ಬಂದರೆ ಸಾಕು, ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ನೀರು ಬರ್ತದೆ. ಬೋಳು ಬಂಡೆ ಏನನ್ನೂ ಹೀರುವುದಿಲ್ಲ. ಸಿಬ್ಬಂದಿ ಹೊರಡಿ ಅಂದ್ರೆ ಫೋಟೊಕ್ಕೆ ನಿಲ್ಲಬೇಡಿ.

ಚಂದ್ರಗಿರಿ ದಂಡೆ
ಮೃತ ಸಮುದ್ರ: ನೀರಿನಲ್ಲಿ ಉಪ್ಪು ಸುಮಾರು 34%. ಹಿಂದಿನ ದಿನ ಶೇವಿಂಗ್ ಬೇಡ. ಅಮ್ಮನ ಹಿಮ್ಮಡಿ ಒಡೆದಿದ್ದರೆ ಮೊದಲು ಪಾದ ಮಾತ್ರ ಇಳಿಸಿ ನೋಡ್ಲಿ, ಉರಿ ಜೋರಿರ್ತದೆ. ಬೆಳ್ಳಿ ಕಾಲುಂಗುರ ತೆಗೆದಿಡಿ, ಕಪ್ಪಾಗ್ತದೆ. ದಂಡೆಯ ಉಪ್ಪಿನ ಹರಳು ಚೂರಿಯ ಹಾಗೆ, ಹಾಗಾಗಿ ಚಪ್ಪಲಿ ಹಾಕಿಯೇ ಇಳಿಯಿರಿ. ಸೊಂಟದಷ್ಟು ನೀರಿಗೆ ಬಂದು ಕುರ್ಚಿಯಲ್ಲಿ ಕೂರುವ ಹಾಗೆ ಮೆಲ್ಲ ಹಿಂದಕ್ಕೆ ಒರಗಿದರೆ ಸಾಕು, ತಾನೇ ತೇಲ್ತೀರಿ. ಮಗುಚಿ ಬೀಳ್ಬಾರ್ದು: ಕಾಲು ಮೇಲೆದ್ದು ಮುಖ ನೀರೊಳಗೆ ಹೋಗ್ತದೆ, ಈಜು ಬಲ್ಲವರಿಗೂ ತಿರುಗ್ಲಿಕ್ಕೆ ಕಷ್ಟ. ಆ ನೀರು ಕುಡಿದರೆ ಆಸ್ಪತ್ರೆಯೇ. 15 ನಿಮಿಷಕ್ಕೆ ಎದ್ದು ಸಿಹಿನೀರಿನಲ್ಲಿ ಸ್ನಾನ. ಶವರ್ ಇಲ್ಲದ ದಂಡೆಯಲ್ಲಿ ಇಳಿಯಲೇಬೇಡಿ. ನೀರು ವರ್ಷಕ್ಕೆ ಸುಮಾರು ಒಂದು ಮೀಟರ್ ತಗ್ಗುತ್ತಾ ನೆಲ ಅಲ್ಲಲ್ಲಿ ಕುಸಿದು ಗುಂಡಿ ಬೀಳ್ತಾ ಉಂಟು.

ಮದಬಾದ ಚರ್ಚಿನ ನೆಲದಲ್ಲಿ 6ನೇ ಶತಮಾನದ ಮೊಸಾಯಿಕ್ ನಕ್ಷೆ ನೋಡುವಾಗ ಯೊರ್ದಾನ್ ಹೊಳೆಯ ಮೀನು ಹುಡುಕಿ. ಉಪ್ಪುನೀರಿನ ಹತ್ತಿರ ಹೋಗಿ, ಬೇಡಪ್ಪಾ ಅಂತ ಹಿಂದಕ್ಕೆ ತಿರುಗಿದ್ದೊಂದು ಉಂಟು.

ಮುರಕಲ್ಲು
ಹಾಗಾದ್ರೆ ವಾದಿ ರಮ್? ಕಾರು ನಾವೇ ಓಡಿಸುವುದಾ?

ಕುಂಬಳೆಹೊಳೆ
ರಮ್ ಮರುಭೂಮಿ ಬಿಡಿ. ಡಿಸೆಂಬರ್ ರಾತ್ರಿ ಅಲ್ಲಿ ಸೊನ್ನೆ ಡಿಗ್ರಿ ಹತ್ತಿರ ಬರ್ತದೆ, ಟೆಂಟಿನಲ್ಲಿ ಮಂಡಿನೋವು ಸುಮ್ಮನಿರುವುದಿಲ್ಲ. ಪೆಟ್ರಾದ ವಾದಿ ಮೂಸಾ ಊರೂ ಸಾವಿರ ಮೀಟರಿಗಿಂತ ಮೇಲೆ ಉಂಟು, ಸ್ವೆಟರ್ ಒಂದು ಸಾಲದು. ಮದಬಾದಲ್ಲಿ 2 ರಾತ್ರಿ (ವಿಮಾನ ನಿಲ್ದಾಣಕ್ಕೆ ಅಮ್ಮಾನಿಗಿಂತ ಹತ್ತಿರ), ವಾದಿ ಮೂಸಾದಲ್ಲಿ 2, ವಾಪಸ್ ಮದಬಾದಲ್ಲಿ 1. ಹೋಗುವಾಗ ರಾಜಮಾರ್ಗ, ಬರುವಾಗ ಮರುಭೂಮಿ ಹೆದ್ದಾರಿ. ಅಮ್ಮಾನಿನಿಂದ ಪೆಟ್ರಾಕ್ಕೆ ಹೆದ್ದಾರಿಯಲ್ಲಾದರೆ ಮೂರು ಗಂಟೆ.

ಕಾರು ಓಡಿಸುವುದಾದರೆ ಅಂತಾರಾಷ್ಟ್ರೀಯ ಪರ್ಮಿಟ್ ಊರಿನಲ್ಲೇ ಮಾಡಿಸಿ. ಅಲ್ಲಿ ಬಲಬದಿಯ ಓಟ, ಸ್ಟಿಯರಿಂಗ್ ಎಡಕ್ಕೆ. ಹಳ್ಳಿ ಬಂದ ಕೂಡಲೇ ಬಣ್ಣವಿಲ್ಲದ ಹಂಪು, ಹಾಗಾಗಿ ಕತ್ತಲಾದ ಮೇಲೆ ರಾಜಮಾರ್ಗ ಬೇಡ.