ಸಮಸ್ಯಾಪೂರಣ: ಮುಳುಗಿದರೆ ಗೆದ್ದಂತೆ, ತೇಲಿದರೆ ಸೋಲು

ಸಂಚಾಲಕ:
ಗೆಳೆಯರೇ, ಈ ವಾರದ ಸಮಸ್ಯೆ ತಗೊಳ್ಳಿ.

"ಮುಳುಗಿದರೆ ಗೆದ್ದಂತೆ, ತೇಲಿದರೆ ಸೋಲು"

ಐದೈದು ಮಾತ್ರೆಯ (ಉಚ್ಚಾರದ ಅಳತೆ) ಗಣಗಳ ಚೌಪದಿ, ಅಂದರೆ ನಾಲ್ಕು ಸಾಲಿನ ಪದ್ಯ. ಇದು ನಾಲ್ಕನೇ ಸಾಲು, ಮೇಲಿನ ಮೂರು ನಿಮ್ಮದು. ಆದಿಪ್ರಾಸ ಬೇಕೇ ಬೇಕು: ಪ್ರತಿ ಸಾಲಲ್ಲೂ ಮೊದಲಕ್ಷರ ಲಘು (ಒಂದು ಮಾತ್ರೆ; ಎರಡಾದರೆ ಗುರು), ಎರಡನೆಯದು ಳಕಾರ. ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ: ನಮ್ಮ ಅರಿಹಂತ್ ವರ್ಗದ ಜಲಾಂತರ್ಗಾಮಿಗಳು. ಪರಮಾಣು ಶಕ್ತಿಯಿಂದಲೇ ಓಡುವ, ಪರಮಾಣು ಕ್ಷಿಪಣಿಗಳನ್ನೇ ಹೊತ್ತ ನೌಕೆಗಳು. ಅರಿಹಂತ್ 2016ರಲ್ಲಿ ಗದ್ದಲವಿಲ್ಲದೆ ನೌಕಾಪಡೆ ಸೇರಿತು. ಅರಿಘಾತ್ ಸೇರಿದ್ದು 2024ರ ಆಗಸ್ಟ್ 29ಕ್ಕೆ. ಉದ್ದ ಸುಮಾರು 111 ಮೀಟರ್, ತೂಕ ಸುಮಾರು 6000 ಟನ್. ಇಷ್ಟು ದೊಡ್ಡದನ್ನು ಕಟ್ಟಿ, ಯಾರಿಗೂ ಕಾಣದ ಹಾಗೆ ಇಡಬೇಕು. ಸಮಸ್ಯೆಯ ಗಂಟು ಇರುವುದೇ ಅಲ್ಲಿ.

ತುಂಗಾತೀರ:
ನಾನೇ ಶುರು ಮಾಡ್ತೀನಿ.

ಇಳಿದು ಬಂಗಾಳಕೊಲ್ಲಿಯೊಳಡಗಿ ನಡೆವಾಗ
ಸುಳಿವು ಸಿಗದಿರಬೇಕು ಬೇಹುಗಣ್ಣಿಗೂ
ಬೆಳಕು ತಲುಪದ ನೀರೊಳರಿಹಂತಕಿದೆ ರಕ್ಷೆ
ಮುಳುಗಿದರೆ ಗೆದ್ದಂತೆ, ತೇಲಿದರೆ ಸೋಲು

ಲಘುಗುರು:
ಮಾತ್ರೆ ಸರಿಯಾಗಿದೆ, ಪ್ರಾಸವೂ ಸರಿ. ಆದರೆ ಮೂರನೇ ಸಾಲು ಇನ್ನೂ ಗಟ್ಟಿಯಾಗಬೇಕು ಅನ್ನಿಸ್ತು. ನೀರಿನಡಿ ಹುಡುಕುವವರು ನೋಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ಅಲ್ಲಿ ಬೆಳಕಿಗಿಂತ ಸದ್ದೇ ಮುಖ್ಯ. ಕಡಲಿನ ಮೇಲಿನ ನೀರು ಬೆಚ್ಚಗೆ, ಕೆಳಗಿನದು ತಣ್ಣಗೆ. ನಡುವೆ ಒಂದು ಪದರದಲ್ಲಿ ನೀರಿನ ಬಿಸಿ ಥಟ್ಟನೆ ಇಳಿಯುತ್ತೆ. ಸದ್ದು ಅಲ್ಲಿ ನೆಟ್ಟಗೆ ಸಾಗದೆ ಬಾಗುತ್ತೆ. ಮೇಲೆ ತೇಲುವ ಹಡಗಿನಲ್ಲಿ ಸದ್ದಿನಿಂದ ಹುಡುಕುವ ಉಪಕರಣವಾದ ಸೋನಾರ್‌ಗೆ ಆ ಪದರದ ಕೆಳಗಿರುವುದನ್ನು ಹಿಡಿಯುವುದು ಕಷ್ಟ. ಹೀಗೆ ಮಾಡಿದರೆ?

ಸೆಳೆದು ಸದ್ದನು ಬಾಗಿಸುವ ನೀರ ಪದರಡಿಗೆ
ಮುಳುಗಿದರೆ ಗೆದ್ದಂತೆ, ತೇಲಿದರೆ ಸೋಲು

ತುಂಗಾತೀರ:
ಆಹಾ! ಮೂರನೇ ಸಾಲು ಸೀದಾ ಹೋಗಿ ನಾಲ್ಕನೆಯದಕ್ಕೆ ಕೂಡಿಕೊಂಡಿತು. ಇದನ್ನೇ ಇಟ್ಟುಕೊಳ್ತೀನಿ ಮೇಷ್ಟ್ರೇ.

ಬಯಲುಸೀಮೆ:
ನನ್ನದು ಉಸಿರಾಟದ ಲೆಕ್ಕ.

ಉಳಿದ ದೋಣಿಗೆ ಗಾಳಿ ಬೇಕು, ಮೇಲೇಳುವುದು
ಸುಳಿದಾಡುವರಿವಿಮಾನದ ಕಣ್ಣಿಗಾಗ
ಒಳಗೆ ಪರಮಾಣು ಕುಲುಮೆಯ ಹೊತ್ತವಳ ಮಾತು:
ಮುಳುಗಿದರೆ ಗೆದ್ದಂತೆ, ತೇಲಿದರೆ ಸೋಲು

ಡೀಸಲ್ ನೌಕೆ ನೀರೊಳಗೆ ಬ್ಯಾಟರಿಯಲ್ಲಿ ಓಡುತ್ತೆ. ಬ್ಯಾಟರಿ ಇಳಿದರೆ ಎಂಜಿನ್ ಹಾಕಬೇಕು, ಎಂಜಿನ್‌ಗೆ ಗಾಳಿ ಬೇಕು. ಆಗ ಮೇಲ್ಮೈ ಹತ್ತಿರ ಬಂದು ಒಂದು ಕೊಳವೆಯನ್ನು ನೀರಿನಿಂದ ಹೊರಗೆ ಚಾಚುತ್ತೆ. ಆ ಕೊಳವೆಯ ತುದಿ ಸಾಕು, ವಿಮಾನದ ರಾಡಾರ್‌ಗೆ ಸಿಕ್ಕಿಬೀಳಲಿಕ್ಕೆ. ಅರಿಹಂತ್ ಒಳಗಿರುವ 83 ಮೆಗಾವ್ಯಾಟ್ ರಿಯಾಕ್ಟರ್‌ಗೆ ಈ ಕಾಟವಿಲ್ಲ. ಊಟದ ದಾಸ್ತಾನು ಮುಗಿಯುವ ತನಕ ಕೆಳಗೇ ಇರಬಹುದು.

ಲಘುಗುರು:
"ಹೊತ್ತವಳ ಮಾತು" ಎಂದು ಸಮಸ್ಯೆಯನ್ನು ಅವಳ ಬಾಯಲ್ಲೇ ಇಟ್ಟದ್ದು ತುಂಬ ಚೆನ್ನಾಗಿದೆ. ಒಂದು ಮಾತು ಸೇರಿಸ್ತೀನಿ. ಬ್ಯಾಟರಿಯಲ್ಲಿ ಓಡುವಾಗ ಡೀಸಲ್ ನೌಕೆ ಬಹಳ ಮೌನಿ. ರಿಯಾಕ್ಟರ್ ಇರುವ ಕಡೆ ಅದನ್ನು ತಣಿಸುವ ಪಂಪು, ಟರ್ಬೈನು ಓಡುತ್ತಲೇ ಇರಬೇಕು. ಆ ಸದ್ದನ್ನು ಅಡಗಿಸುವುದೇ ಕಟ್ಟುವವರಿಗೆ ದೊಡ್ಡ ಸವಾಲು.

ಹೊಸಚಿಗುರು:
ಎಲ್ಲರಿಗೂ ನಮಸ್ಕಾರ. ಮೊದಲ ಸಲ ಬರೀತಿದ್ದೀನಿ, ತಿದ್ದಿ.

ಇಳಿಸಿದರು ತೆಂಗೊಡೆದು ವೈಜಾಗಿನಲ್ಲಂದು
ಬೆಳ್ನೊರೆಯ ನಡುವೆ ತೇಲಿತು ಕಪ್ಪು ನೌಕೆ
ಉಳಿದಂತೆ ಬಾಳೆಲ್ಲ ಬೇರೊಂದೆ ಲೆಕ್ಕವಿದೆ:
ಮುಳುಗಿದರೆ ಗೆದ್ದಂತೆ, ತೇಲಿದರೆ ಸೋಲು

ಸಂಚಾಲಕ:
ಬನ್ನಿ ತಮ್ಮಾ, ಭರ್ಜರಿ ಆರಂಭ. 2009ರ ಜುಲೈ 26ರಂದು ಪ್ರಧಾನಿ ಮನಮೋಹನ್ ಸಿಂಗ್ ಅವರ ಪತ್ನಿ ಗುರುಶರಣ್ ಕೌರ್ ತೆಂಗಿನಕಾಯಿ ಒಡೆದು ಅರಿಹಂತ್‌ಗೆ ಚಾಲನೆ ಕೊಟ್ಟರು. ಕಾರ್ಗಿಲ್ ವಿಜಯ ದಿವಸ ಅವತ್ತು. ಅಲ್ಲಿ ಸೇರಿದ್ದವರು ಅದನ್ನು ಕಣ್ಣಾರೆ ನೋಡಿದ ದಿನದಿಂದಲೇ ಪದ್ಯ ಎತ್ತಿಕೊಂಡಿದ್ದೀರಿ. "ಬಾಳೆಲ್ಲ ಬೇರೊಂದೆ ಲೆಕ್ಕ" ಎಂಬ ತಿರುವು ಅದರಿಂದಲೇ ಗಟ್ಟಿಯಾಗಿದೆ.

ಎರಡನೇ ಸಾಲಿಗೆ ಬರೋಣ. "ಬೆಳ್ನೊರೆಯ" ಐದು ಮಾತ್ರೆ ಹೌದು. ಆದರೆ ಮೊದಲಕ್ಷರ ಗುರುವಾಯಿತು, ಎರಡನೆಯದು ಒತ್ತಕ್ಷರ. ಪ್ರಾಸ ಕೆಟ್ಟಿತು. ಜೊತೆಗೆ, ಅವತ್ತು ನಡೆದದ್ದು ನೌಕೆ ಕಟ್ಟುವ ಒಣ ಹೊಂಡವಾದ ಡ್ರೈಡಾಕ್‌ಗೆ ನೀರು ಬಿಡುವ ಕಾರ್ಯಕ್ರಮ. ಅಲೆಯೂ ಇಲ್ಲ, ನೊರೆಯೂ ಇಲ್ಲ. "ತಿಳಿನೀರ ನಡುವೆ ತೇಲಿತು ಕಪ್ಪು ನೌಕೆ" ಅನ್ನಿ. ಎರಡೂ ಒಟ್ಟಿಗೆ ಸರಿಹೋಗುತ್ತೆ.

ಹೊಸಚಿಗುರು:
ತುಂಬಾ ಥ್ಯಾಂಕ್ಸ್ ಸರ್. ಬದಲಾಯಿಸಿದೆ.

ಚಾಮುಂಡಿಬೆಟ್ಟ:
ನಮ್ಮ ಮೈಸೂರನ್ನು ಬಿಟ್ಟರೆ ಹೇಗೆ?

ತಿಳಿದವರು ಕೆಲವರೇ: ಮೈಸೂರ ಬಳಿಯಲ್ಲೆ
ಬೆಳೆದು ಬಲಿತುದು ನೌಕೆಯೊಳಗಡೆಯ ಕೆಂಡ
ಕಳೆಗುಂದದಾ ಕಾವು ಕಲಿಸಿದುದು ಕಡಲಲ್ಲಿ
ಮುಳುಗಿದರೆ ಗೆದ್ದಂತೆ, ತೇಲಿದರೆ ಸೋಲು

ಇಲವಾಲದ ಹತ್ತಿರ ರತ್ನಹಳ್ಳಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಘಟಕ ಇದೆ. ಯುರೇನಿಯಂ ಅನಿಲವನ್ನು ಸೆಂಟ್ರಿಫ್ಯೂಜ್‌ಗಳಲ್ಲಿ ಗಿರ್ರನೆ ತಿರುಗಿಸಿ ಸಂವರ್ಧನೆ, ಅಂದರೆ ಅದರಲ್ಲಿ ಶಕ್ತಿ ಕೊಡುವ ಅಂಶವನ್ನು ಹೆಚ್ಚಿಸುವ ಕೆಲಸ, ಮಾಡುವ ಜಾಗ. ನೌಕೆಯ ರಿಯಾಕ್ಟರ್ ಚಿಕ್ಕದಾಗಿರಬೇಕು, ಮತ್ತೆ ಮತ್ತೆ ಇಂಧನ ಕೇಳಬಾರದು. ಅದಕ್ಕೇ ಸಂವರ್ಧಿತ ಯುರೇನಿಯಂ ಬೇಕು. ಅದನ್ನು ಒದಗಿಸಿದ್ದು ನಮ್ಮೂರು. ರಿಯಾಕ್ಟರಿನ ನೆಲದ ಮೇಲಿನ ಮಾದರಿ ಓಡಿದ್ದು ತಮಿಳುನಾಡಿನ ಕಲ್ಪಾಕ್ಕಂನಲ್ಲಿ, ನೌಕೆ ಕಟ್ಟಿದ್ದು ವಿಶಾಖಪಟ್ಟಣದಲ್ಲಿ.

ತುಂಗಾತೀರ:
"ಕಳೆಗುಂದದಾ ಕಾವು ಕಲಿಸಿದುದು ಕಡಲಲ್ಲಿ"... ಕಕಾರ ಎಷ್ಟು ಸಲೀಸಾಗಿ ಕೂತಿದೆ ನೋಡಿ!

ಕಡಲಕರೆ:
ಸಂಚಾಲಕರೇ, ತಪ್ಪು ತಿಳಿಯಬೇಡಿ. ಈ ಸಾಲು ಓದಿದಾಗ ನನಗೆ ಮೊದಲು ನೆನಪಾದದ್ದು ಸಿಂಧುರಕ್ಷಕ್. 2013ರ ಆಗಸ್ಟ್ 14ರಂದು ಮುಂಬೈ ಡಾಕ್‌ಯಾರ್ಡ್‌ನಲ್ಲಿ ಸಿಡಿದು ಮುಳುಗಿದ ಡೀಸಲ್ ನೌಕೆ. 18 ಜನ ಹೋದರು. ಅದಕ್ಕೆ ನಾಲ್ಕು ದಿನ ಮೊದಲು, ಆಗಸ್ಟ್ 10ಕ್ಕೆ, ಅರಿಹಂತ್ ರಿಯಾಕ್ಟರ್ ಚಾಲೂ ಆಗಿತ್ತು. ಒಂದೇ ವಾರದಲ್ಲಿ ಎರಡೂ ಸುದ್ದಿ. ಕಾರವಾರದಲ್ಲಿ ನಮ್ಮ ಅಕ್ಕಪಕ್ಕ ನೌಕಾಪಡೆಯವರ ಮನೆಗಳು ಜಾಸ್ತಿ. ಅವರೆದುರು "ಮುಳುಗಿದರೆ ಗೆದ್ದಂತೆ" ಅಂತ ಸುಮ್ನೆ ಹೇಳಲಿಕ್ಕೆ ಆಗಲ್ಲ. ಹಾಗಾಗಿ ಮನೆಯ ಕಡೆಯಿಂದ ಬರೆದೆ.

ಅಳುವ ಮಗುವನು ತಟ್ಟಿ ಮಲಗಿಸುತಲಿಹ ತಾಯಿ
ತಿಳಿಯಲಾರಳು ಗಂಡನಿರುವ ಕಡಲನ್ನು
ಒಳಗೊಳಗೆ ಬಲ್ಲಳವಳವನ ಕಸುಬಿನ ಕಟ್ಟು:
ಮುಳುಗಿದರೆ ಗೆದ್ದಂತೆ, ತೇಲಿದರೆ ಸೋಲು

ಲಘುಗುರು:
ಅಕ್ಕಾ, ಇದಕ್ಕೆ ನಾನು ತಿದ್ದುವುದು ಏನೂ ಇಲ್ಲ. "ಕಸುಬಿನ ಕಟ್ಟು" ಎಂಬ ಎರಡು ಪದ ಸಮಸ್ಯೆಯ ಒರಟುತನವನ್ನೆಲ್ಲ ತೆಗೆದುಬಿಟ್ಟಿತು. ಕೆಳಗೆ ಹೋದವರಿಗೆ ದಡದಿಂದ ಸಂದೇಶ ಹೋಗುತ್ತೆ. ತಿರುನೆಲ್ವೇಲಿ ಜಿಲ್ಲೆಯ ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ನೌಕಾಪಡೆಯ ರೇಡಿಯೋ ಕೇಂದ್ರ ಇರುವುದೇ ಅದಕ್ಕೆ. ಅಲ್ಲಿಂದ ಹೊರಡುವ ಅತಿ ಕಡಿಮೆ ಆವರ್ತನದ ಅಲೆಗಳು ನೀರಿನೊಳಗೆ ಸ್ವಲ್ಪ ಆಳ ಇಳಿಯುತ್ತವೆ. ಆದರೆ ನೌಕೆ ಉತ್ತರ ಕೊಡುವ ಹಾಗಿಲ್ಲ. ಕೊಟ್ಟರೆ ಇರುವ ಜಾಗ ಬಯಲು.

ಬಯಲುಸೀಮೆ:
ಕಡಲಕರೆ ಅಕ್ಕ ಹೇಳಿದ ಮೇಲೆ ಇನ್ನೊಂದು ಬರೆಯಲೇಬೇಕಾಯ್ತು. ಇದು ಕ್ಷಿಪಣಿಯ ಬಗ್ಗೆ.

ಬಳಸದಿರುವುದೆ ಬಾಣದುದ್ದೇಶವಾದಾಗ
ಕಳಚದೇ ಬತ್ತಳಿಕೆ ಮರಳುವುದೆ ಧರ್ಮ
ಗಳಿಗೆಯೂ ಕಾಣಿಸದೆ ಕಾಯುವಗೆ ಕಡಲೊಳಗೆ
ಮುಳುಗಿದರೆ ಗೆದ್ದಂತೆ, ತೇಲಿದರೆ ಸೋಲು

ಪರಮಾಣು ಅಸ್ತ್ರವನ್ನು ನಾವೇ ಮೊದಲಾಗಿ ಬಳಸುವುದಿಲ್ಲ ಅಂತ ಭಾರತ 2003ರಲ್ಲಿ ತನ್ನ ನೀತಿಯನ್ನು ಬಹಿರಂಗವಾಗಿ ಹೇಳಿದೆ. ಹಾಗೆ ಹೇಳಿದ ದೇಶ ಮೊದಲ ಪೆಟ್ಟು ತಿಂದ ಮೇಲೂ ಉಳಿದುಕೊಂಡಿರಬೇಕಲ್ವಾ? ನೆಲದ ಮೇಲಿನ ನೆಲೆಗಳು ಎಲ್ಲಿವೆ ಅಂತ ಉಪಗ್ರಹಕ್ಕೆ ಗೊತ್ತಾಗಬಹುದು. ನೀರಿನಡಿ ಇರುವುದು ಗೊತ್ತಾಗಲ್ಲ. ಕೆ-15 ಕ್ಷಿಪಣಿ ಹೋಗುವುದು 750 ಕಿಲೋಮೀಟರ್. ಅದನ್ನು ನಂಬಿದರೆ ನೌಕೆ ಎದುರಾಳಿಯ ಕರಾವಳಿಗೆ ಹತ್ತಿರ ಹೋಗಬೇಕು. 2024ರ ನವೆಂಬರ್‌ನಲ್ಲಿ ಅರಿಘಾತ್‌ನಿಂದ ಪರೀಕ್ಷಿಸಿದ ಕೆ-4ರ ವ್ಯಾಪ್ತಿ 3500 ಕಿಲೋಮೀಟರ್. ಬಾಣದ ದೂರ ಹೆಚ್ಚಿದಷ್ಟೂ ಅಡಗುವ ಕಡಲು ದೊಡ್ಡದಾಗುತ್ತೆ. 2018ರ ನವೆಂಬರ್ 5ರಂದು ಅರಿಹಂತ್ ಮೊದಲ ಕಾವಲು ಸುತ್ತು ಮುಗಿಸಿತು ಅಂತ ಪ್ರಕಟಿಸಿದರು. ಏನೂ ನಡೆಯದೆ ವಾಪಸ್ ಬಂದದ್ದೇ ಅಲ್ಲಿ ಸುದ್ದಿ.

ಕಡಲಕರೆ:
"ಕಳಚದೇ ಬತ್ತಳಿಕೆ ಮರಳುವುದೆ ಧರ್ಮ." ಈ ಸಾಲಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ ತಮ್ಮಾ.

ಸಂಚಾಲಕ:
ಕಟ್ಟೋಣದಲ್ಲಿ ಈ ವಾರದ ಮೇಲುಗೈ ತುಂಗಾತೀರ ಮತ್ತು ಲಘುಗುರು ಸೇರಿ ಮಾಡಿದ "ನೀರ ಪದರಡಿಗೆ" ಪೂರಣದ್ದು. ಸಮಸ್ಯೆಯ ಸಾಲು ಹೊರಗಿನಿಂದ ತಂದು ಅಂಟಿಸಿದ ಹಾಗೆ ಕಾಣುವುದೇ ಇಲ್ಲ. ಭಾವದಲ್ಲಿ ಕಡಲಕರೆಯವರ ಪದ್ಯವೇ ಮೊದಲು, ಎರಡು ಮಾತಿಲ್ಲ.

ಮುಂದಿನ ವಾರ ದತ್ತಪದಿ, ಅಂದರೆ ಕೊಟ್ಟ ಪದಗಳನ್ನು ಪದ್ಯದಲ್ಲಿ ತರುವುದು. ಅರಿಹಂತ, ಅರಿಘಾತ, ಮೂರನೆಯ ನೌಕೆ ಅರಿಧಮನ: ಮೂರೂ ಹೆಸರು ಸರಿಯಾಗಿ ಐದೈದು ಮಾತ್ರೆ. ಮೂರನ್ನೂ ಒಂದೇ ಚೌಪದಿಗೆ ತನ್ನಿ, ಪ್ರಾಸ ರಕಾರ. ಯುದ್ಧದ ವರ್ಣನೆ ಬೇಡ. ಹೊಸಚಿಗುರು, ಈ ಸಲ ನೀವೇ ಮೊದಲು ಬರೀಬೇಕು.