ಕೀನ್ಯಾದ ಸಿ ಪ್ಲಸ್ಸೂ ನಮ್ಮ ಮನೆಯ ಆದಾಯ ಪ್ರಮಾಣಪತ್ರವೂ

ದೊಡ್ಡಪ್ಪ (ಫಾರ್ವರ್ಡ್ ಮಾಡಿದ್ದು): ಕೀನ್ಯಾದಲ್ಲಿ ಹನ್ನೆರಡು ವರ್ಷದ ಶಾಲೆ ಮುಗಿಸಿ ಸಿ ಪ್ಲಸ್ ಪಡೆದರೆ ಸಾಕು, ವಿಶ್ವವಿದ್ಯಾಲಯದ ಓದು ಸಂಪೂರ್ಣ ಉಚಿತ. ನಮ್ಮಲ್ಲಿ ತೊಂಬತ್ತು ಪರ್ಸೆಂಟ್ ತೆಗೆದ ಹುಡುಗನೂ ಸಾಲ ಮಾಡಬೇಕು.

ದೊಡ್ಡಪ್ಪ: ಮನೆಯ ಮಕ್ಕಳೆಲ್ಲ ಇದನ್ನು ಓದಬೇಕು. ನಾವು ಮೂಗು ಮುರಿಯುವ ದೇಶಗಳಲ್ಲಿ ವಿದ್ಯೆಗೆ ಎಷ್ಟು ಬೆಲೆಯಿದೆ ನೋಡಿ.

ಗಿರಿ: ದೊಡ್ಡಪ್ಪ, ಇದರ ಮೂಲ ಯಾವುದು? ಯಾವ ವರ್ಷದ ಮಾತು, ಯಾವ ಆದೇಶ ಎಂಬುದು ಎಲ್ಲಿಯೂ ಇಲ್ಲ. ಹೋದ ತಿಂಗಳು ನೀವು ಕಳಿಸಿದ ಕರೆಂಟ್ ಬಿಲ್ಲಿನ ಸುದ್ದಿಯೂ ಹೀಗೆಯೇ ಇತ್ತು.

ದೊಡ್ಡಪ್ಪ: ಹಿರಿಯರು ಏನು ಕಳಿಸಿದರೂ ತಪ್ಪು ಹುಡುಕುವುದು ನಿನ್ನ ಹಳೆಯ ಚಾಳಿ. ಪದ್ಮಾ ನೈರೋಬಿಯಲ್ಲೇ ಪಾಠ ಮಾಡುತ್ತಾಳೆ, ಅವಳು ಹೇಳಲಿ.

ಪದ್ಮಕ್ಕ: ದೊಡ್ಡಪ್ಪ, ಸಿ ಪ್ಲಸ್ ಎಂಬುದು ಪದವಿಗೆ ಅರ್ಜಿ ಹಾಕುವ ಅರ್ಹತೆ ಮಾತ್ರ. ಶಾಲೆಯ ಕೊನೆಯ ಕೆಸಿಎಸ್‌ಇ ಪರೀಕ್ಷೆಯ ನಂತರ ಕೋರ್ಸಿಗೆ ಬೇಕಾದ ನಾಲ್ಕು ವಿಷಯಗಳನ್ನು ಹಿಡಿದು 48ಕ್ಕೆ ಕ್ಲಸ್ಟರ್ ಅಂಕ ಲೆಕ್ಕ ಹಾಕುತ್ತಾರೆ; ಮಕ್ಕಳು ಕೊಟ್ಟ ಆಯ್ಕೆಗಳನ್ನೂ ಆ ಅಂಕವನ್ನೂ ನೋಡಿ ಕೆಯುಸಿಸಿಪಿಎಸ್ ಎಂಬ ಕೇಂದ್ರ ಸಂಸ್ಥೆ ಸೀಟು ಹಂಚುತ್ತದೆ. ವೈದ್ಯಕೀಯಕ್ಕೆ ಸಿ ಪ್ಲಸ್ ಹಿಡಿದು ಹೋದರೆ ಬಾಗಿಲ ಹತ್ತಿರವೂ ಬಿಡುವುದಿಲ್ಲ. 2012ರ ವಿಶ್ವವಿದ್ಯಾಲಯಗಳ ಕಾಯ್ದೆಗೆ ಮುಂಚೆ ಕುಲಪತಿಗಳ ಜಂಟಿ ಮಂಡಳಿ ಈ ಕೆಲಸ ಮಾಡುತ್ತಿತ್ತು. ಹಾಸ್ಟೆಲಿನಲ್ಲಿ ಎಷ್ಟು ಹಾಸಿಗೆ ಇವೆಯೋ ಅಷ್ಟೇ ಮಕ್ಕಳಿಗೆ ಸರ್ಕಾರಿ ಸೀಟು ಎಂಬ ಲೆಕ್ಕವಿತ್ತು.

ವಸಂತಣ್ಣ: ಸೀಟು ಹಂಚುವ ಮಾತು ಬಂದರೆ ನನಗೆ ನಮ್ಮ ಸಿಇಟಿ ಕೌನ್ಸೆಲಿಂಗೇ ನೆನಪಾಗುತ್ತದೆ. ಮಾವ ಬುತ್ತಿ ಕಟ್ಟಿಸಿಕೊಂಡು ರಾತ್ರಿ ಬಸ್ಸಿನಲ್ಲಿ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಬಂದಿದ್ದರು. ನನ್ನ ರ‍್ಯಾಂಕ್ ಕೂಗುವ ಹೊತ್ತಿಗೆ ಬೇಕಾದ ಸೀಟುಗಳೆಲ್ಲ ಮುಗಿದಿದ್ದವು, ಮಾವ ಮಾತ್ರ ಊರು ತಲುಪುವವರೆಗೂ ಒಂದು ಮಾತು ಬೈಯಲಿಲ್ಲ.

ಗಿರಿ: ವಸಂತಣ್ಣ, ಸ್ವಲ್ಪ ತಾಳಿ. ಉಚಿತ ಎಂಬುದು ನಿಜವೇ ಅಕ್ಕ?

ಪದ್ಮಕ್ಕ: ನಿಜವಲ್ಲ. 2023ರಲ್ಲಿ ಅಧ್ಯಕ್ಷ ರುಟೊ ಹೊಸ ಪದ್ಧತಿ ತಂದರು. ಸೀಟು ಸಿಕ್ಕ ಮಾತ್ರಕ್ಕೆ ಹಣ ಬರುವುದಿಲ್ಲ, ಅದಕ್ಕೆ ಬೇರೆ ಅರ್ಜಿ ಹಾಕಬೇಕು; ಮನೆಯ ಸ್ಥಿತಿಗತಿ ನೋಡಿ ಮಕ್ಕಳನ್ನು ಐದು ಬ್ಯಾಂಡ್‌ಗಳಲ್ಲಿ ಇಡುತ್ತಾರೆ. ಕಡುಬಡವರ ಮೊದಲನೆಯ ಬ್ಯಾಂಡ್‌ನಲ್ಲಿ ಶುಲ್ಕದ ಶೇ. 70 ವಿದ್ಯಾರ್ಥಿವೇತನ, ಶೇ. 25 ಸಾಲ, ಉಳಿದ ಶೇ. 5 ಮನೆಯವರದು. ಐದನೆಯದರಲ್ಲಿ ವಿದ್ಯಾರ್ಥಿವೇತನ ಮತ್ತು ಸಾಲ ತಲಾ ಶೇ. 30, ಮಿಕ್ಕ ಶೇ. 40 ಮನೆಯಿಂದಲೇ ಬರಬೇಕು. ಸಾಲ ಕೊಡುವುದು 1995ರ ಕಾಯ್ದೆಯಿಂದ ಹುಟ್ಟಿದ ಹೆಲ್ಬ್ ಎಂಬ ಮಂಡಳಿ. ಓದು ಮುಗಿದ ಮೇಲೆ ಬಡ್ಡಿ ಸಮೇತ ತೀರಿಸಬೇಕು. ತಮ್ಮನ್ನು ತಪ್ಪು ಬ್ಯಾಂಡ್‌ಗೆ ಹಾಕಿದ್ದಾರೆಂದು 2024ರಲ್ಲಿ ವಿದ್ಯಾರ್ಥಿಗಳು ದನಿಯೆತ್ತಿದರು. ಆ ಡಿಸೆಂಬರ್‌ನಲ್ಲಿ ಹೈಕೋರ್ಟ್ ಈ ಪದ್ಧತಿ ಸಂವಿಧಾನಬಾಹಿರವೆಂದಿತು, ಮರುವರ್ಷ ಮೇಲ್ಮನವಿ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ನನ್ನ ತರಗತಿಯ ಮಕ್ಕಳು ಫಲಿತಾಂಶಕ್ಕಿಂತ ಬ್ಯಾಂಡ್‌ಗೆ ಹೆಚ್ಚು ಹೆದರುತ್ತಾರೆ ದೊಡ್ಡಪ್ಪ. ಅದನ್ನು ಉಚಿತ ಎಂದು ಓದಿದಾಗ ನನಗೆ ಸಂಕಟವಾಯಿತು.

ಸುಮಾ: ಮನೆಯ ಬಡತನವನ್ನು ಬೇರೆಯವರು ಅಳೆಯುವಾಗ ಹೇಗಿರುತ್ತದೆಂದು ನನಗೆ ಗೊತ್ತು. ನನ್ನ ವಿದ್ಯಾರ್ಥಿವೇತನಕ್ಕೆ ಅಪ್ಪ ಆದಾಯ ಪ್ರಮಾಣಪತ್ರ ಮಾಡಿಸಿದಾಗ, ತೋಟವಿರುವವನಿಗೆ ಇದು ಹೇಗೆ ಸಿಕ್ಕಿತು ಎಂದು ಮದುವೆ ಮನೆಯಲ್ಲಿ ಎಲ್ಲರ ಮುಂದೆ ಕೇಳಿದವರು ನೀವೇ ದೊಡ್ಡಪ್ಪ. ಆ ತೋಟ ಆಗ ಸೊಸೈಟಿಯ ಸಾಲಕ್ಕೆ ಅಡವಿತ್ತು.

ಚಿಕ್ಕಮ್ಮ: ಸುಮಾ, ಹಬ್ಬದ ಎದುರಿನಲ್ಲಿ ಅದು ಬೇಡಮ್ಮ.

ಸುಮಾ: ಹತ್ತು ವರ್ಷದಿಂದ ಪ್ರತಿ ಹಬ್ಬದ ಎದುರಿನಲ್ಲೂ ಬೇಡವಾಗಿದೆ ಚಿಕ್ಕಮ್ಮ.

ದೊಡ್ಡಪ್ಪ: ವಾಕಿಂಗ್ ಗೆಳೆಯರ ಗುಂಪಿಗೂ ಇದನ್ನು ಕಳಿಸಿದ್ದೇನೆ. ಪದ್ಮಾ, ನಿನ್ನ ಬ್ಯಾಂಡ್‌ಗಳ ಲೆಕ್ಕವನ್ನು ಅಲ್ಲಿಗೂ ಹಾಕುತ್ತೇನೆ. ತೋಟ ಅಡವಿದ್ದ ವಿಷಯವನ್ನು ನನಗೆ ಆಗ ಯಾರೂ ಹೇಳಿರಲಿಲ್ಲ.

ಸುಮಾ: ನೀವು ಕೇಳಿರಲಿಲ್ಲ.