ಸಹಾಯ ಬೇಕು: ಇಂಗ್ಲೆಂಡಿನಲ್ಲಿ ಚರ್ಚ್ ಮಂಡಳಿಯ ಟ್ರಸ್ಟಿಗಳಾಗಿದ್ದವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾವು ಹೋಗುವ ಆಂಗ್ಲಿಕನ್ ಚರ್ಚಿನ ವಾರ್ಷಿಕ ಸಭೆಯಲ್ಲಿ ನನ್ನನ್ನು ಪ್ಯಾರಿಷ್ ಮಂಡಳಿಗೆ, ಅಂದರೆ ಚರ್ಚಿನ ಆಡಳಿತ ನೋಡುವ ಸಮಿತಿಗೆ, ಆರಿಸಿದ್ದಾರೆ. ಮಂಡಳಿಯೇ ಒಂದು ದತ್ತಿ ಸಂಸ್ಥೆ. ಪಾದ್ರಿಗಳಿಂದ ಹಿಡಿದು ನನ್ನವರೆಗೆ ಸದಸ್ಯರೆಲ್ಲರೂ ಕಾನೂನಿನ ಪ್ರಕಾರ ಟ್ರಸ್ಟಿಗಳು. ವಾರ್ಷಿಕ ಆದಾಯ 1,00,000 ಪೌಂಡ್ ದಾಟಿರುವುದರಿಂದ ದತ್ತಿ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನ್ನಿನಲ್ಲಿ ನೋಂದಣಿಯೂ ಆಗಿದೆ.

ಚಾವಣಿ ದುರಸ್ತಿಗೆಂದೇ ಜನ ಕೊಟ್ಟ ಹಣ ನಮ್ಮಲ್ಲಿ ಪ್ರತ್ಯೇಕವಾಗಿದೆ. ಪಿಂಚಣಿಯಲ್ಲಿ ಉಳಿಸಿ ಕೊಟ್ಟ ವೃದ್ಧರ ದುಡ್ಡೂ ಅದರಲ್ಲಿದೆ. ಈಗ ಗ್ಯಾಸ್ ಬಿಲ್ ಏರಿದೆಯೆಂದು, ಅದರಿಂದ ತೆಗೆದು ಆಮೇಲೆ ತುಂಬಿಸೋಣ ಎನ್ನುತ್ತಿದ್ದಾರೆ ಕೆಲವರು. ಅವರ ಮನಸ್ಸು ಒಳ್ಳೆಯದೇ. ಆದರೆ ನಿರ್ದಿಷ್ಟ ಉದ್ದೇಶಕ್ಕೆ ಬಂದ ಹಣವನ್ನು ಬಹುಮತದಿಂದಲೂ ಬೇರೆಡೆಗೆ ತಿರುಗಿಸುವಂತಿಲ್ಲ. ಹಾಗೆ ಮಾಡಿದರೆ ಟ್ರಸ್ಟಿಗಳೇ ಕೈಯಿಂದ ತುಂಬಿಕೊಡಬೇಕಾಗಬಹುದು.

ನನಗೆ ಬೇಕಾದದ್ದು ಅನುಭವದ ಮಾತು. ಹಿರಿಯರ ಮನಸ್ಸು ನೋಯಿಸದೆ ಇದನ್ನು ಸಭೆಯಲ್ಲಿ ಹೇಗೆ ಎತ್ತಿದಿರಿ? ನನ್ನ ಆಕ್ಷೇಪವನ್ನು ನಡಾವಳಿಯಲ್ಲಿ ಬರೆಸಿದರೆ ಸಾಕೇ? ಮೊದಲು ಡಯಾಸಿಸ್ (ಬಿಷಪ್ಪರ ಆಡಳಿತ ವ್ಯಾಪ್ತಿಯ) ಕಚೇರಿಯನ್ನು ಕೇಳಬೇಕೋ, ಲೆಕ್ಕ ಪರಿಶೀಲಿಸುವವರನ್ನೋ? ಖಜಾಂಚಿಗಳಾಗಿದ್ದವರು ಯಾರಾದರೂ ಇದ್ದರೆ ಖಂಡಿತ ಬರೆಯಿರಿ. ಮುಂದಿನ ಸಭೆ ಹತ್ತಿರದಲ್ಲೇ ಇದೆ.